ಸಂಕಷ್ಟಿಯ ಚಂದ್ರ ತಡವಾಗಿ ಬರುವುದೇಕೆ?

ಸಂಕಷ್ಟಿಯ ದಿನ ಉಪವಾಸ ಇದ್ದವರು ರಾತ್ರಿ ಎಂಟೂವರೆಯಾದರೂ, ಒಂಬತ್ತಾದರೂ ಮಹಡಿಯ ಮೇಲೆ ಮೂಡಣದ ಕಡೆ ಮುಖ ಮಾಡಿ ನಿಂತಿರುತ್ತಾರೆ. ಚಂದ್ರ ಕಾಣದೆ ಊಟವಿಲ್ಲ. ಗಣೇಶ ಚೌತಿಯ ಕಥೆಯೇ ಬೇರೆ. ಅವತ್ತು ಹೊತ್ತು ಮುಳುಗಿ ಅರ್ಧ ಗಂಟೆಯಾಗುವುದರೊಳಗೆ ಪಡುವಣದಲ್ಲಿ ಚಂದ್ರ ಹಾಜರಿರುತ್ತಾನೆ. ನೋಡಿದರೆ ಅಪವಾದ ಬರುತ್ತದೆಂದು ಮಕ್ಕಳು ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ. ಎರಡೂ ಚತುರ್ಥಿಯೇ. ನೋಡಲೇಬೇಕಾದ ದಿನ ಕಾಯಿಸುವ ಚಂದ್ರ, ನೋಡಬಾರದ ದಿನ ಮೊದಲೇ ಬಂದು ಕೂತಿರುವುದೇಕೆ?

ಏಳನೇ ತರಗತಿಯಲ್ಲಿ ಈ ಪ್ರಶ್ನೆ ಇಟ್ಟು ನೋಡಿ. ಒಂದು ಕ್ಷಣ ಸದ್ದಿರುವುದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ‘ಮೋಡ ಇರುತ್ತೆ ಸಾರ್’ ಎಂದೋ, ‘ಅವತ್ತು ಚಂದ್ರ ದೂರ ಹೋಗಿರ್ತಾನೆ’ ಎಂದೋ ಬರುತ್ತದೆ. ಮುಂದಿನ ಬೆಂಚಿನ ಜಾಣರು ‘ಭೂಮಿಯ ನೆರಳು ಅಡ್ಡ ಬರುತ್ತೆ’ ಎನ್ನುತ್ತಾರೆ. ಇದೇ ಮಕ್ಕಳಿಗೆ ಚಂದ್ರನ ಕಲೆಗಳ ಚಿತ್ರ ಬರೆಯಲು ಹೇಳಿದರೆ ಎಂಟು ವೃತ್ತ ಎಳೆದು, ಅರ್ಧ ಕಪ್ಪು ಅರ್ಧ ಬಿಳಿ ಮಾಡಿ, ಹೆಸರು ಗುರುತಿಸಿ ಪೂರ್ತಿ ಅಂಕ ತೆಗೆಯುತ್ತಾರೆ. ಚಿತ್ರ ಪುಸ್ತಕದ್ದು, ಭೂಮಿಯ ನೆರಳು ಅವರದ್ದು. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ವಾಸವಾಗಿರುತ್ತವೆ.

ಆರರಿಂದ ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಕಷ್ಟ’ ಎನಿಸಿಕೊಂಡ ಪಾಠಗಳ ಗುಟ್ಟು ಇಲ್ಲಿದೆ ಎಂದು ನನ್ನ ಲೆಕ್ಕ. ಚಂದ್ರನ ಕಲೆ, ಋತುಗಳು, ವಿದ್ಯುತ್ ಮಂಡಲ, ದ್ಯುತಿಸಂಶ್ಲೇಷಣೆ, ತೇಲುವುದು ಮುಳುಗುವುದು, ಶಾಖ – ಇವುಗಳ ಬಗ್ಗೆ ಮಗುವಿಗೆ ಏನೂ ಗೊತ್ತಿಲ್ಲದಿದ್ದರೆ ಮೇಷ್ಟ್ರ ಕೆಲಸ ಸಲೀಸಾಗುತ್ತಿತ್ತು. ತೊಂದರೆಯೆಂದರೆ ಮಗುವಿಗೆ ಆಗಲೇ ಒಂದು ಉತ್ತರ ಗೊತ್ತಿದೆ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಆಡುತ್ತ, ಬೀಳುತ್ತ, ದೊಡ್ಡವರ ಮಾತು ಕೇಳುತ್ತ ತಾನೇ ಕಟ್ಟಿಕೊಂಡದ್ದು. ಅದು ತಕ್ಕಮಟ್ಟಿಗೆ ಕೆಲಸವನ್ನೂ ಮಾಡುತ್ತದೆ. ಅದನ್ನು ಕೇಳಿಸಿಕೊಳ್ಳದೆ ಅದರ ಮೇಲೆ ಪಾಠ ಹೊದಿಸಿದರೆ, ಪರೀಕ್ಷೆ ಮುಗಿದ ಮರುದಿನ ಹೊದಿಕೆ ಜಾರಿ ಹಳೆಯದೇ ಉಳಿಯುತ್ತದೆ.

ಇದು ನಮ್ಮ ಮಕ್ಕಳ ದಡ್ಡತನ ಎಂದುಕೊಳ್ಳುವವರಿಗೆ ‘ಎ ಪ್ರೈವೇಟ್ ಯೂನಿವರ್ಸ್’ ಎಂಬ ಕಿರುಚಿತ್ರ ತೋರಿಸಬೇಕು. 1987ರಲ್ಲಿ ಬಂದದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ ಗೌನು ತೊಟ್ಟು ನಿಂತ ಪದವೀಧರರನ್ನೂ ಅಧ್ಯಾಪಕರನ್ನೂ ಅದರಲ್ಲಿ ಕೇಳುತ್ತಾರೆ: ಬೇಸಿಗೆ ಚಳಿಗಾಲ ಯಾಕಾಗುತ್ತವೆ? ಬಹುತೇಕ ಎಲ್ಲರೂ ಒಂದಿಷ್ಟೂ ಅಳುಕದೆ, ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ ಎನ್ನುತ್ತಾರೆ. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ಅತ್ಯಂತ ಸಮೀಪ ಇರುವುದು ಜನವರಿಯ ಮೊದಲ ವಾರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಹಾರ್ವರ್ಡ್ ಇರುವ ಊರಲ್ಲಿ ಆಗ ಹಿಮ ಬೀಳುತ್ತಿರುತ್ತದೆ. ಅತಿ ದೂರ ಹೋಗುವುದು ಜುಲೈ ಮೊದಲ ವಾರ, 15.2 ಕೋಟಿ ಕಿಲೋಮೀಟರಿಗೆ. ಅವರಿಗೆ ಆಗ ಕಡುಬೇಸಿಗೆ.

ಈ ತಪ್ಪಿನಲ್ಲಿ ಪುಸ್ತಕಕ್ಕೂ ಪಾಲಿದೆ. ಭೂಮಿಯ ಕಕ್ಷೆಯನ್ನು ಓರೆಯಾಗಿ ನೋಡಿದಂತೆ ಬರೆಯುತ್ತಾರೆ, ಅದು ಉದ್ದನೆಯ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಮಗು ಅದನ್ನೇ ನಿಜವೆಂದು ನಂಬುತ್ತದೆ. ಆ ಕಕ್ಷೆಯನ್ನು ಸರಿಯಾದ ಪ್ರಮಾಣದಲ್ಲಿ ಹತ್ತು ಸೆಂಟಿಮೀಟರ್ ಅಗಲಕ್ಕೆ ಬರೆದರೆ ಅದರ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪದೊಳಗೇ ಮುಳುಗಿಹೋಗುತ್ತದೆ. ಕಂಪಾಸಿನಲ್ಲಿ ಎಳೆದ ವೃತ್ತವೇ ಸಾಕು, ಸೂರ್ಯನನ್ನು ನಡುವಿನಿಂದ ಕೂದಲೆಳೆಯಷ್ಟು ಸರಿಸಿದರಾಯಿತು. ಆ ಒಂದು ಚಿತ್ರ ಬದಲಾಯಿಸಿದ್ದರೆ ಎಷ್ಟು ಮಕ್ಕಳ ದಾರಿ ಸರಾಗವಾಗುತ್ತಿತ್ತೋ.

ಇನ್ನೂ ಚಿಕ್ಕ ಮಕ್ಕಳ ಕಥೆ ಇನ್ನೂ ಸೊಗಸು. ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ ಎಂಬಿಬ್ಬರು ಸಂಶೋಧಕರು ಅಮೆರಿಕದ ಮಕ್ಕಳನ್ನು ಭೂಮಿಯ ಆಕಾರದ ಬಗ್ಗೆ ಕೇಳಿ, 1992ರಲ್ಲಿ ಅದರ ವಿವರ ಪ್ರಕಟಿಸಿದರು. ‘ಭೂಮಿ ಗುಂಡಗಿದೆ’ ಎಂದು ಎಲ್ಲರೂ ಕಲಿತಿದ್ದರು. ಆದರೆ ಕೆದಕಿ ಕೇಳಿದಾಗ ಕೆಲವರು ಗುಂಡನೆಯ ಭೂಮಿಯ ಹೊಟ್ಟೆಯೊಳಗೆ, ಚಪ್ಪಟೆ ನೆಲದ ಮೇಲೆ ಜನರನ್ನು ನಿಲ್ಲಿಸಿದರು. ಕೆಲವರು ಎರಡು ಭೂಮಿ ಮಾಡಿಕೊಂಡಿದ್ದರು, ಆಕಾಶದಲ್ಲಿ ಗುಂಡಗಿರುವುದೊಂದು, ನಾವು ನಿಂತಿರುವ ಚಪ್ಪಟೆಯದೊಂದು. ಅದೇ ಇಬ್ಬರು ಅಳಾ ಸಮರಪುಂಗವನ್ ಅವರ ಜೊತೆ ಹೈದರಾಬಾದಿನ ಮಕ್ಕಳನ್ನು ಮಾತಾಡಿಸಿದಾಗ (ಅದು ಪ್ರಕಟವಾದದ್ದು 1996ರಲ್ಲಿ) ಭೂಮಿ ನೀರಿನ ಮೇಲೆ ನಿಂತಿದೆ ಎಂದವರೂ ಸಿಕ್ಕರು. ಅಜ್ಜಿ ಹೇಳಿದ ಕಥೆಯೂ ಮೇಷ್ಟ್ರು ಹೇಳಿದ ಪಾಠವೂ ಎರಡೂ ಸುಳ್ಳಾಗದಂತೆ ಮಗು ಒಂದು ರಾಜಿ ಸೂತ್ರ ಹುಡುಕಿತ್ತು. ಇದನ್ನು ತಪ್ಪು ಎನ್ನುವ ಮೊದಲು, ಎಂಥ ಚುರುಕು ಬುದ್ಧಿ ಎಂದು ಬೆರಗಾಗಬೇಕು.

ಇನ್ನು ಚಂದ್ರನ ವಿಷಯ. ಕನ್ನಡದ ಮಗುವಿಗೆ ಇಲ್ಲೊಂದು ಅನುಕೂಲ ಇದೆ, ನಾವದನ್ನು ಶಾಲೆಯ ಬಾಗಿಲಲ್ಲೇ ಬಿಟ್ಟು ಒಳಗೆ ಕರೆಯುತ್ತೇವೆ. ಅಮಾವಾಸ್ಯೆ, ಬಿದಿಗೆ, ಚೌತಿ, ಅಷ್ಟಮಿ, ಹುಣ್ಣಿಮೆ ಎಂಬ ಲೆಕ್ಕ ಅದರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತೂಗಾಡುತ್ತಿದೆ. ತಿಂಗಳ ಕಾಲ ಒಂದು ನೋಟ್‌ಬುಕ್ಕಿನಲ್ಲಿ ತಿಥಿ, ನೋಡಿದ ಹೊತ್ತು, ಯಾವ ದಿಕ್ಕು, ಯಾವ ಆಕಾರ ಎಂದು ಗುರುತು ಹಾಕಿಸಿದರೆ ಸಾಕು. ಚಂದ್ರ ದಿನವೂ ಹೆಚ್ಚುಕಡಿಮೆ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ, ಪುಟದಲ್ಲೇ ಎದ್ದು ಕಾಣುತ್ತದೆ. ಹುಣ್ಣಿಮೆಯಂದು ಸೂರ್ಯ ಮುಳುಗುವಾಗ ಚಂದ್ರ ಹುಟ್ಟಿದ. ಅಲ್ಲಿಂದ ನಾಲ್ಕನೆಯ ದಿನ ಸಂಕಷ್ಟಿ, ಮೂರು ಗಂಟೆಯಷ್ಟು ತಡ. ಎಂಟನೆಯ ದಿನ ನಡುರಾತ್ರಿ. ಗೋಕುಲಾಷ್ಟಮಿಯಂದು ಮಧ್ಯರಾತ್ರಿಯವರೆಗೆ ಎಚ್ಚರವಿದ್ದು ಚಂದ್ರನಿಗೆ ಅರ್ಘ್ಯ ಕೊಡುವ ಮನೆಗಳಲ್ಲಿ ಈ ಲೆಕ್ಕವನ್ನು ತಲೆಮಾರುಗಳಿಂದ ಅನುಸರಿಸುತ್ತಿದ್ದಾರೆ, ಕಾರಣ ಕೇಳಿಲ್ಲ ಅಷ್ಟೆ. ಕೃಷ್ಣಪಕ್ಷದ ಆ ದಿನಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಸಾಲು ನಿಂತಾಗ ಪಡುವಣದ ಕಡೆ ತಲೆಯೆತ್ತಿದರೆ ಮಾಸಲು ಬಿಳುಪಿನ ಚಂದ್ರ ಕಾಣುತ್ತಾನೆ. ‘ಹಗಲಲ್ಲೂ ಚಂದ್ರ ಇರ್ತಾನಾ?’ ಎಂದು ಕೇಳುವ ಮಗುವಿಗೆ ಅಂದು ಪಾಠ ಶುರುವಾಯಿತು ಎಂದು ತಿಳಿಯಬಹುದು.

ಭೂಮಿಯ ನೆರಳಿನ ಸಿದ್ಧಾಂತವನ್ನು ಉರುಳಿಸಲು ಬಿದಿಗೆ ಚಂದ್ರ ಸಾಕು. ಸೂರ್ಯ ಈಗಷ್ಟೇ ಪಡುವಣದಲ್ಲಿ ಮುಳುಗಿದ್ದಾನೆ, ಎಳೆಯ ಚಂದ್ರನೂ ಅಲ್ಲೇ ಇದ್ದಾನೆ. ಭೂಮಿಯ ನೆರಳು ಬೀಳುವುದು ಯಾವ ಕಡೆಗೆ? ಸೂರ್ಯನಿಗೆ ಬೆನ್ನಾದ ಮೂಡಣಕ್ಕೆ. ಮೂಡಣದ ನೆರಳು ಪಡುವಣದ ಚಂದ್ರನನ್ನು ಮುಚ್ಚುವುದು ಹೇಗೆ? ಇದನ್ನು ಮೇಷ್ಟ್ರು ಹೇಳಿಬಿಟ್ಟರೆ ಅರ್ಧ ಸ್ವಾರಸ್ಯ ಹೋಯಿತು. ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಿ ಕೈ ತೋರಿಸಿ ಅಂದರೆ, ಯಾರಾದರೊಬ್ಬರು ತಮ್ಮ ಎರಡು ಕೈಗಳೂ ವಿರುದ್ಧ ದಿಕ್ಕಿಗೆ ಚಾಚಿರುವುದನ್ನು ಕಂಡು ಗಲಿಬಿಲಿಗೊಳ್ಳುತ್ತಾರೆ. ಆ ಗಲಿಬಿಲಿಯನ್ನು ಅವಸರದಲ್ಲಿ ಪರಿಹರಿಸಬಾರದು, ಒಂದು ದಿನ ಹಾಗೇ ಇರಲಿ.

ಮರುದಿನ ಕೋಣೆಯ ಕಿಟಕಿಗಳಿಗೆ ಚಾಪೆ ಅಡ್ಡ ಹಿಡಿದು, ನಡುವೆ ಒಂದೇ ಒಂದು ಬಲ್ಬು ಉರಿಸಿ, ಪ್ರತಿ ಮಗುವಿನ ಕೈಯಲ್ಲೂ ಕಡ್ಡಿಗೆ ಚುಚ್ಚಿದ ಥರ್ಮೋಕೋಲ್ ಚೆಂಡು ಕೊಡಿ. ಮಗುವಿನ ತಲೆಯೇ ಭೂಮಿ. ಚೆಂಡನ್ನು ಕೈಯಳತೆಯ ದೂರದಲ್ಲಿ ಹಿಡಿದು ಎಡಕ್ಕೆ ನಿಧಾನ ತಿರುಗಿದರೆ ಅಮಾವಾಸ್ಯೆಯಿಂದ ಹುಣ್ಣಿಮೆ, ಹುಣ್ಣಿಮೆಯಿಂದ ಅಮಾವಾಸ್ಯೆ ಕಣ್ಣೆದುರೇ ನಡೆದುಹೋಗುತ್ತದೆ. ಬಲ್ಬಿಗೆ ಬೆನ್ನು ಮಾಡಿ ನಿಂತಾಗ ಮಾತ್ರ ತಲೆಯ ನೆರಳು ಚೆಂಡಿನ ಮೇಲೆ ಬೀಳುತ್ತದೆ. ‘ಅಯ್ಯೋ, ಗ್ರಹಣ!’ ಎಂದು ಕೂಗುವವರು ಇದ್ದೇ ಇರುತ್ತಾರೆ. ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ? ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆತ್ತಿದರೆ ನೆರಳು ತಪ್ಪಿ ಪೂರ್ತಿ ಬೆಳಗುತ್ತದೆ. ಚಂದ್ರನ ಹಾದಿ ಭೂಮಿಯ ಹಾದಿಗೆ ಸುಮಾರು ಐದು ಡಿಗ್ರಿ ಓರೆಯಾಗಿದೆ ಎಂಬ ಪುಸ್ತಕದ ವಾಕ್ಯಕ್ಕೆ ಆಗ ಅರ್ಥ ಬರುತ್ತದೆ. ಇನ್ನೊಂದು ಮಾತು: ಬಾಸ್ಕೆಟ್‌ಬಾಲ್ ಭೂಮಿಯಾದರೆ ಟೆನಿಸ್ ಚೆಂಡು ಚಂದ್ರ. ಎರಡನ್ನೂ ಎಷ್ಟು ದೂರ ಇಡಬೇಕೆಂದು ಮಕ್ಕಳನ್ನು ಕೇಳಿದರೆ ಒಂದು ಮೊಳ, ಹೆಚ್ಚೆಂದರೆ ಎರಡು ಮೊಳ ಎನ್ನುತ್ತಾರೆ. ನಿಜವಾದ ಅಳತೆ ಏಳು ಮೀಟರಿಗೂ ಮಿಕ್ಕಿ, ಅಂದರೆ ತರಗತಿಯ ಆ ಗೋಡೆಯಿಂದ ಈ ಗೋಡೆಗೆ. ಅದೇ ಪ್ರಮಾಣದಲ್ಲಿ ಸೂರ್ಯ 26 ಮೀಟರ್ ಅಗಲ, ಇರುವುದು ಸುಮಾರು ಎರಡೂ ಮುಕ್ಕಾಲು ಕಿಲೋಮೀಟರ್ ಆಚೆ, ಪಕ್ಕದ ಊರಲ್ಲಿ.

ವಿದ್ಯುತ್ತಿನ ಪಾಠ ಬೇರೆ ಥರದ್ದು. ಇಲ್ಲಿ ನೋಡಲು ಆಕಾಶವಿಲ್ಲ, ತಂತಿಯೊಳಗೆ ಹರಿಯುವುದು ಕಾಣುವುದೂ ಇಲ್ಲ. ಒಂದು ಶೆಲ್ಲು, ಒಂದು ಟಾರ್ಚ್ ಬಲ್ಬು, ಒಂದೇ ತುಂಡು ತಂತಿ ಕೊಟ್ಟು ಉರಿಸಿ ಎಂದರೆ ಹೆಚ್ಚಿನವರು ಮೊದಲು ಶೆಲ್ಲಿನ ಒಂದು ತುದಿಯಿಂದ ಬಲ್ಬಿನ ಬುಡಕ್ಕೆ ತಂತಿ ಮುಟ್ಟಿಸಿ ಕಾಯುತ್ತಾರೆ. ಮನೆಯಲ್ಲಿ ನೋಡಿದ್ದು ಅದನ್ನೇ ಅಲ್ಲವೇ, ಫ್ಯಾನಿಗೂ ಮಿಕ್ಸಿಗೂ ಒಂದೇ ವೈರು ಹೋಗಿರುತ್ತದೆ. ಅದರೊಳಗೆ ಎರಡು ಎಳೆ ಇರುವುದನ್ನು ಮಗು ಯಾವತ್ತು ಕಂಡಿತ್ತು? 1997ರ ‘ಮೈಂಡ್ಸ್ ಆಫ್ ಅವರ್ ಓನ್’ ಎಂಬ ಸರಣಿಯಲ್ಲಿ ಎಂಐಟಿಯಂಥ ಕಡೆ ಪದವಿ ಪಡೆದವರೂ ಇದೇ ಮೂರು ಸಾಮಾನು ಹಿಡಿದು ತಡವರಿಸುತ್ತಾರೆ.

ಮಂಡಲ ಪೂರ್ತಿಯಾಗಬೇಕೆಂದು ಗೊತ್ತಾದ ಮೇಲೂ ಇನ್ನೊಂದು ನಂಬಿಕೆ ಅಡಗಿ ಕೂತಿರುತ್ತದೆ: ಬಲ್ಬು ಕರೆಂಟನ್ನು ತಿಂದುಬಿಡುತ್ತದೆ, ವಾಪಸು ಬರುವುದು ಕಡಿಮೆ. ನ್ಯೂಜಿಲೆಂಡಿನ ರೋಜರ್ ಆಸ್ಬೋರ್ನ್ 1980ರ ದಶಕದ ಆರಂಭದಲ್ಲಿ ಮಕ್ಕಳ ಇಂಥ ಕಲ್ಪನೆಗಳನ್ನು ವಿಂಗಡಿಸಿದ್ದರು. ಎರಡು ಕಡೆಯಿಂದ ಎರಡು ಕರೆಂಟು ಬಂದು ಬಲ್ಬಿನಲ್ಲಿ ಡಿಕ್ಕಿ ಹೊಡೆದು ಬೆಳಕಾಗುತ್ತದೆ ಎನ್ನುವವರೂ ಅವರಿಗೆ ಸಿಕ್ಕಿದ್ದರು. ನಮ್ಮ ಊರಿನ ಯಾವ ಶಾಲೆಗೆ ಹೋದರೂ ಈ ಎಲ್ಲ ಪಂಗಡದವರೂ ಸಿಗುತ್ತಾರೆ. ಪರೀಕ್ಷಿಸುವುದು ಸುಲಭ. ಒಂದೇ ಬಗೆಯ ಎರಡು ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸುವ ಮೊದಲು, ಯಾವುದು ಹೆಚ್ಚು ಉರಿಯುತ್ತದೆಂದು ಪ್ರತಿ ಮಗುವೂ ಚೀಟಿಯಲ್ಲಿ ಬರೆದು ಕೊಡಲಿ. ‘ಮೊದಲನೆಯದು’ ಎಂದೇ ಬಹುಪಾಲು ಚೀಟಿಗಳಿರುತ್ತವೆ. ಸ್ವಿಚ್ಚು ಒತ್ತಿದಾಗ ಎರಡೂ ಒಂದೇ ಸಮ. ಬಲ್ಬು ಸರಿಯಿಲ್ಲ ಸಾರ್ ಎಂದು ಅದಲುಬದಲು ಮಾಡಿಸುತ್ತಾರೆ, ಶೆಲ್ಲು ತಿರುಗಿಸುತ್ತಾರೆ. ಮಾಡಲಿ. ತನ್ನ ಊಹೆಯನ್ನು ಉಳಿಸಿಕೊಳ್ಳಲು ಹೋರಾಡುವ ಮಗು ವಿಜ್ಞಾನವನ್ನೇ ಮಾಡುತ್ತಿದೆ. ಬರೆದುಕೊಟ್ಟ ಚೀಟಿ ಮುಖ್ಯ. ಬರೆಯದಿದ್ದರೆ ಎಲ್ಲರೂ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾರೆ.

ಇಲ್ಲಿ ಅಂಗಡಿಯ ಒಂದು ಕಷ್ಟ ಹೇಳಬೇಕು. ತಂತುವಿರುವ ಟಾರ್ಚ್ ಬಲ್ಬು ಈಗ ಎಲ್ಲ ಕಡೆ ಸಿಗುವುದಿಲ್ಲ, ಎಲ್ಲೆಲ್ಲೂ ಎಲ್‌ಇಡಿ. ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ, ಉದ್ದ ಕಾಲು ಧನಕ್ಕೇ ಸೇರಬೇಕು, ಒಂದು ಶೆಲ್ಲಿಗೆ ಅದು ಉರಿಯುವುದೂ ಇಲ್ಲ. ಆದ್ದರಿಂದ ಈ ಪ್ರಯೋಗಕ್ಕೆ ಹಳೆಯ ಬಲ್ಬನ್ನೇ ಹುಡುಕಿ ತರಬೇಕು, ಹಳೆಯ ಎಲೆಕ್ಟ್ರಿಕಲ್ ಅಂಗಡಿಗಳ ಮೂಲೆಯ ಡಬ್ಬಿಯಲ್ಲಿ ಇನ್ನೂ ಇರುತ್ತವೆ. ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಮಕ್ಕಳು ಹೋಗಕೂಡದು, ಇಡೀ ಪಾಠಕ್ಕೆ ಶೆಲ್ಲೇ ಸಾಕು.

ಮಾಡಿ ಕಲಿಸಿದರೆ ಎಲ್ಲವೂ ಸರಿಯಾಗುತ್ತದೆ ಎಂಬ ಭ್ರಮೆಯೂ ಬೇಡ. ನಮ್ಮ ಶಾಲೆಗಳಲ್ಲಿ ಅತಿ ಹೆಚ್ಚು ಮಾಡಿ ತೋರಿಸುವ ಪ್ರಯೋಗಗಳಲ್ಲೊಂದು ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟ ಕವುಚುವುದು. ದೀಪ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ‘ಗಾಳಿಯ ಐದನೇ ಒಂದು ಭಾಗ ಆಮ್ಲಜನಕ, ಅದು ಖರ್ಚಾಗಿ ಆ ಜಾಗಕ್ಕೆ ನೀರು ಬಂತು’ ಎಂದು ವಿವರಣೆ. ಕೇಳಲು ಅಚ್ಚುಕಟ್ಟು. ಆದರೆ ಕಣ್ಣಿಟ್ಟು ನೋಡುವ ಮಗುವಿಗೆ ಬೇರೆಯದೇ ಕಾಣುತ್ತದೆ. ಲೋಟ ಕವುಚುವಾಗ ಅಂಚಿನಿಂದ ಗುಳ್ಳೆಗಳು ಹೊರಬರುತ್ತವೆ. ದೀಪ ಉರಿಯುವಷ್ಟು ಹೊತ್ತು ನೀರು ಹೆಚ್ಚೇನೂ ಏರುವುದಿಲ್ಲ, ಆರಿದ ಮೇಲೆ ಸರ್ರನೆ ಏರುತ್ತದೆ. ಒಂದರ ಬದಲು ಮೂರು ಬತ್ತಿ ಹಚ್ಚಿದರೆ ನೀರು ಇನ್ನೂ ಮೇಲೆ ಹೋಗುತ್ತದೆ. ಲೋಟದೊಳಗಿನ ಆಮ್ಲಜನಕವೇನು ಮೂರು ಪಟ್ಟಾಯಿತೇ? ನಡೆಯುವುದೇನೆಂದರೆ ಬಿಸಿಗೆ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗುತ್ತದೆ, ದೀಪ ಆರಿದ ಮೇಲೆ ಉಳಿದದ್ದು ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಆಮ್ಲಜನಕ ಪೂರ್ತಿ ಮುಗಿಯುವುದಕ್ಕೆ ಬಹಳ ಮೊದಲೇ ಬತ್ತಿ ಆರಿರುತ್ತದೆ. ಉರಿದದ್ದರ ಬದಲಿಗೆ ಇಂಗಾಲದ ಡೈ ಆಕ್ಸೈಡೂ ಹುಟ್ಟಿರುತ್ತದೆ.

ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಉಪನ್ಯಾಸ ಕೊಡುತ್ತಿದ್ದರು. ಒಂದೇ ಒಂದು ಮೇಣದಬತ್ತಿಯನ್ನು ಮುಂದಿಟ್ಟುಕೊಂಡು 1860-61ರ ಚಳಿಗಾಲದಲ್ಲಿ ಅವರು ಮಾಡಿದ ಆರು ಉಪನ್ಯಾಸಗಳು ಪುಸ್ತಕವಾಗಿ ಇವತ್ತಿಗೂ ಓದಿಸಿಕೊಳ್ಳುತ್ತಿವೆ. ಒಂದು ಬತ್ತಿಗೆ ಆರು ದಿನ! ನಮ್ಮಲ್ಲಿ ನಲವತ್ತು ನಿಮಿಷದ ಅವಧಿಯಲ್ಲಿ ಹಾಜರಿ ಕರೆದು, ಹೋಂವರ್ಕ್ ನೋಡಿ, ಉಳಿದ ಕಾಲು ಗಂಟೆಯಲ್ಲಿ ಬತ್ತಿ ಹಚ್ಚಿ ಆರಿಸಿ ತೀರ್ಮಾನವನ್ನೂ ಬರೆಸಬೇಕು.

ವಿಜ್ಞಾನ ವಸ್ತುಪ್ರದರ್ಶನದ ಜ್ವಾಲಾಮುಖಿಯ ಬಗ್ಗೆಯೂ ನನಗೆ ತಕರಾರಿದೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಕೆಂಪು ನೊರೆ ಉಕ್ಕಿಸುವುದಕ್ಕೂ ಜ್ವಾಲಾಮುಖಿಗೂ ಇರುವ ನಂಟು ಬಣ್ಣದ್ದು ಮಾತ್ರ. ಅಪ್ಪ ಅಂಗಡಿಯಿಂದ ತಂದು ಅಮ್ಮ ರಾತ್ರಿ ಹನ್ನೊಂದರವರೆಗೆ ಅಂಟಿಸಿದ ‘ವರ್ಕಿಂಗ್ ಮಾಡೆಲ್’ಗಳ ಬಗ್ಗೆ ಹೆಚ್ಚು ಹೇಳುವುದು ಬೇಡ.

ಶೆಲ್ಲು, ಬಲ್ಬು, ಚೀಟಿ, ಜಗಳ – ಇವುಗಳಿಂದ ಇಡೀ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ನಡೆಸಬಹುದೇ? ನಡೆಸಿದ್ದುಂಟು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ, ಇದೇ ಆರರಿಂದ ಎಂಟನೇ ತರಗತಿಗೆ, ಒಂದು ಪ್ರಯೋಗ ಶುರುವಾಯಿತು. ಅನಿಲ್ ಸದ್ಗೋಪಾಲ್ ಅವರ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಇದರ ಹಿಂದಿದ್ದವು. ಟಾಟಾ ಮೂಲವಿಜ್ಞಾನ ಸಂಸ್ಥೆ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿಯ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕೂತು ಪಾಠ ಕಟ್ಟಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು, 1982ರಲ್ಲಿ ಹುಟ್ಟಿದ ‘ಏಕಲವ್ಯ’ ಸಂಸ್ಥೆ ಮುಂದಕ್ಕೆ ನಡೆಸಿತು. ‘ಬಾಲ ವೈಜ್ಞಾನಿಕ್’ ಎಂಬ ಅವರ ಪುಸ್ತಕದಲ್ಲಿ ಉತ್ತರಗಳಿರಲಿಲ್ಲ, ಮಾಡಬೇಕಾದ ಪ್ರಯೋಗವೂ ಕೇಳಬೇಕಾದ ಪ್ರಶ್ನೆಯೂ ಇದ್ದವು. ಉತ್ತರ ಮಗುವಿನ ನೋಟ್‌ಬುಕ್ಕಿನಲ್ಲಿ ಹುಟ್ಟಬೇಕಿತ್ತು. ಸವಾಲೀರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ಪ್ರಶ್ನೆ ಬರೆದು ಪತ್ರ ಹಾಕಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಧೈರ್ಯವೆಂದರೆ ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರಬಹುದಿತ್ತು, ಪ್ರಯೋಗ ಪರೀಕ್ಷೆಯೂ ಇತ್ತು.

ಟೆಲ್ಕೊ ಕಾರ್ಖಾನೆಯ ಎಂಜಿನಿಯರ್ ಅರವಿಂದ ಗುಪ್ತ 1978ರಲ್ಲಿ ರಜೆ ಹಾಕಿ ಇಲ್ಲಿಗೆ ಬಂದರು. ಹಳ್ಳಿಯ ಸಂತೆಯಲ್ಲಿ ಸಿಗುವ ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ತೂರಿಸಿ ತ್ರಿಕೋನ, ಚೌಕ, ಘನಾಕೃತಿಗಳನ್ನು ಕಟ್ಟುವ ಅವರ ಆಟ ಆಮೇಲೆ ಪುಸ್ತಕವಾಗಿ ಹಲವು ಭಾರತೀಯ ಭಾಷೆಗಳಿಗೆ ಹೋಯಿತು. ಚೌಕ ವಾಲುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಸೇತುವೆಯ ಚೌಕಟ್ಟಿನಲ್ಲಿ ಅಷ್ಟೊಂದು ತ್ರಿಕೋನ ಯಾಕೆಂದು ಕಡ್ಡಿಯೇ ಹೇಳುತ್ತದೆ. ಕೊನೆಗೆ ಸಾವಿರದಷ್ಟು ಶಾಲೆಗಳಿಗೆ ಹರಡಿದ್ದ ಈ ಕಾರ್ಯಕ್ರಮವನ್ನು 2002ರಲ್ಲಿ ಮಧ್ಯಪ್ರದೇಶ ಸರ್ಕಾರ ನಿಲ್ಲಿಸಿತು. ಮೂವತ್ತು ವರ್ಷ ಉಳಿದದ್ದೇ ಹೆಚ್ಚು ಎನ್ನುವವರಿದ್ದಾರೆ. ನನಗೆ ಅನ್ನಿಸುವುದು, ಅದು ಅಷ್ಟು ಕಾಲ ಉಳಿದದ್ದು ಪ್ರಯೋಗದ ಸಾಮಾನಿನ ಕಿಟ್ಟಿನಿಂದಲ್ಲ, ಬೇಸಿಗೆಯಲ್ಲಿ ಮೂರು ವಾರ ಕೂಡಿ ಕಲಿಯುತ್ತಿದ್ದ, ಪ್ರತಿ ತಿಂಗಳೂ ಸೇರಿ ತಮ್ಮ ತರಗತಿಯ ಪೇಚಾಟಗಳನ್ನು ಹೇಳಿಕೊಳ್ಳುತ್ತಿದ್ದ ಮೇಷ್ಟ್ರುಗಳಿಂದ. ಒಬ್ಬರೇ ವಿಜ್ಞಾನ ಶಿಕ್ಷಕರಿರುವ ಶಾಲೆಯಲ್ಲಿ, ‘ನೀರು ಯಾಕೆ ಹೀಗೆ ಏರಿತು, ನನಗೂ ಗೊತ್ತಾಗುತ್ತಿಲ್ಲ’ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಕನ್ನಡದಲ್ಲಿ ಓದಿಗೆ ಬರವಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ ಬರೆದವರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆ ಎಷ್ಟೋ ಹಳ್ಳಿ ಶಾಲೆಗಳಿಗೆ ಸಿಕ್ಕ ಒಂದೇ ವಿಜ್ಞಾನ ಓದಾಗಿತ್ತು. ಕೊರತೆ ಇರುವುದು ಮಗುವಿನ ಮಾತು ಕೇಳುವ ಕಿವಿಯದ್ದು.

ಆ ಕೆಲಸ ಮನೆಯಲ್ಲೂ ಆಗಬಹುದು, ವಿಜ್ಞಾನ ಓದದ ಅಪ್ಪ ಅಮ್ಮನಿಗೂ ಆಗುತ್ತದೆ. ತೋಟವಿರುವ ಮನೆಯ ಹುಡುಗನನ್ನು ಕೇಳಿ: ಅಡಿಕೆ ಮರದ ಇಷ್ಟೊಂದು ತೂಕ ಎಲ್ಲಿಂದ ಬಂತು? ಗೊಬ್ಬರದಿಂದ, ಮಣ್ಣಿನಿಂದ ಎನ್ನುತ್ತಾನೆ. ಅವನು ಕಣ್ಣಾರೆ ಕಂಡಿರುವುದು ಬುಡಕ್ಕೆ ಗೊಬ್ಬರ ಹಾಕುವುದನ್ನೇ. ಹಾಗಾದರೆ ಕುಂಡದಲ್ಲಿ ಗಿಡ ಬೆಳೆದಂತೆಲ್ಲ ಮಣ್ಣು ಖಾಲಿಯಾಗಬೇಕಲ್ಲ? ಹದಿನೇಳನೆಯ ಶತಮಾನದಲ್ಲಿ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಎಂಬಾತ ಇದೇ ಅನುಮಾನ ಬಂದು, ಒಣಗಿಸಿ ತೂಗಿದ ಸುಮಾರು 90 ಕಿಲೋ ಮಣ್ಣಿನಲ್ಲಿ ಎರಡು ಕಿಲೋ ಚಿಲ್ಲರೆಯ ವಿಲ್ಲೋ ಗಿಡ ನೆಟ್ಟ. ಐದು ವರ್ಷ ನೀರು ಮಾತ್ರ ಹಾಕಿದ. ಗಿಡ 76 ಕಿಲೋ ಆಗಿತ್ತು, ಮಣ್ಣು ಕಡಿಮೆಯಾದದ್ದು ಅರವತ್ತು ಗ್ರಾಮೂ ಅಲ್ಲ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅದೂ ಅರ್ಧ ತಪ್ಪೇ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ, ಅದು ಗಾಳಿಯಿಂದ ಬಂದದ್ದು. ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಇರುವುದೇ ಶೇಕಡ 0.04ರಷ್ಟು. ಕಣ್ಣಿಗೆ ಕಾಣದ, ತೂಕವೇ ಇಲ್ಲವೆಂದು ಮಗು ನಂಬಿರುವ ಗಾಳಿ ಮರವಾಗುತ್ತದೆ ಎಂಬುದನ್ನು ಒಪ್ಪುವುದು ಸಾಮಾನ್ಯವಲ್ಲ. ಊದಿದ ಬಲೂನನ್ನು ತಕ್ಕಡಿಗೆ ಕಟ್ಟಿ ಗಾಳಿಗೂ ತೂಕ ಇದೆ ಎಂದು ತೋರಿಸದೆ, ದ್ಯುತಿಸಂಶ್ಲೇಷಣೆಯ ಸಮೀಕರಣ ಬರೆಸಿ ಪ್ರಯೋಜನವಿಲ್ಲ.

ಇನ್ನೊಂದು, ಐದು ನಿಮಿಷದ್ದು. ಕಂಬಳಿ ಬೆಚ್ಚಗಿರುತ್ತದೆ, ಸರಿ. ಒಂದೇ ಗಾತ್ರದ ಎರಡು ಐಸ್ ತುಂಡು ತೆಗೆದುಕೊಂಡು, ಒಂದನ್ನು ಕಂಬಳಿಯಲ್ಲಿ ಸುತ್ತಿ, ಇನ್ನೊಂದನ್ನು ತಟ್ಟೆಯಲ್ಲಿಡಿ. ಯಾವುದು ಮೊದಲು ಕರಗುತ್ತದೆ? ಕಂಬಳಿಯದು ಎಂದು ಬಾಜಿ ಕಟ್ಟುವ ದೊಡ್ಡವರನ್ನೂ ನೋಡಿದ್ದೇನೆ. ಹಾಗೆಯೇ ಭಾರ ಇದ್ದರೆ ಮುಳುಗುತ್ತದೆ ಎನ್ನುವವರಿಗೆ ಹೊಳೆಯಲ್ಲಿ ತೇಲಿ ಬರುವ ಮರದ ದಿಮ್ಮಿಯೂ ಮುಳುಗುವ ಕಬ್ಬಿಣದ ಮೊಳೆಯೂ ಸಾಕು.

ಪರೀಕ್ಷೆಯ ಪ್ರಶ್ನೆ ಬದಲಾಗದೆ ಇದೆಲ್ಲ ನಿಲ್ಲುವುದಿಲ್ಲ ಎನ್ನುವ ಶಿಕ್ಷಕರ ಮಾತನ್ನು ನಾನು ಒಪ್ಪುತ್ತೇನೆ. ‘ಚಂದ್ರಗ್ರಹಣ ಎಂದರೇನು?’ ಎಂದು ಕೇಳಿದರೆ ಉರು ಹೊಡೆದ ಎರಡು ಸಾಲು ಬರುತ್ತವೆ. ‘ಚಂದ್ರಗ್ರಹಣ ಅಮಾವಾಸ್ಯೆಯಂದು ಯಾಕೆ ಆಗುವುದಿಲ್ಲ?’ ಎಂದು ಕೇಳಿದರೆ ಗೈಡಿನಲ್ಲಿ ಉತ್ತರ ಇರುವುದಿಲ್ಲ, ಚೆಂಡು ಹಿಡಿದು ತಿರುಗಿದ ಮಗು ಮಾತ್ರ ಬರೆಯುತ್ತದೆ. ಅಂಥ ಒಂದೆರಡು ಪ್ರಶ್ನೆ ಘಟಕ ಪರೀಕ್ಷೆಗೆ ಹಾಕಲು ಯಾವ ಸುತ್ತೋಲೆಯೂ ಬೇಕಿಲ್ಲ.

ಋತುಗಳ ಪಾಠವನ್ನಂತೂ ಕರ್ನಾಟಕದಲ್ಲಿ ಪುಸ್ತಕ ಬದಿಗಿಟ್ಟು ನೆರಳಿನಿಂದಲೇ ಶುರು ಮಾಡಬೇಕು. ಜೂನ್ ಜುಲೈ ಬೇಸಿಗೆ ಎಂಬ ಚಿತ್ರ ದೂರದ ಉತ್ತರದ ದೇಶಗಳದ್ದು. ನಮಗೆ ಆಗ ಮುಂಗಾರು, ಸೆಕೆ ಏನಿದ್ದರೂ ಏಪ್ರಿಲ್ ಮೇ. ನಮ್ಮ ರಾಜ್ಯ ಪೂರ್ತಿ ಕರ್ಕಾಟಕ ವೃತ್ತದ ಕೆಳಗಿರುವುದರಿಂದ ವರ್ಷಕ್ಕೆ ಎರಡು ಸಲ ನಡುಹಗಲಿಗೆ ಸೂರ್ಯ ನೇರ ನೆತ್ತಿಗೆ ಬಂದು, ನೆಟ್ಟಗೆ ನಿಂತ ಕೋಲಿನ ನೆರಳು ಮಾಯವಾಗುತ್ತದೆ. ಬೆಂಗಳೂರಿಗೆ ಅದು ಏಪ್ರಿಲ್ 24-25ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ಹುಬ್ಬಳ್ಳಿಗೆ ಮೇ ಮೊದಲ ವಾರ, ಬೀದರಿಗೆ ಮೇ ಎರಡನೆಯ ವಾರ. ಆಯಾ ಊರಿನ ನೆರಳಿಲ್ಲದ ಎರಡು ದಿನಗಳ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಕಾಲದಲ್ಲಿ ಉತ್ತರಕ್ಕೆ. ಗಡಿಯಾರದ ಹನ್ನೆರಡಕ್ಕೆ ನೋಡಿದರೆ ಸಿಗದು. ಬೆಂಗಳೂರಿನ ನಿಜವಾದ ನಡುಹಗಲು ಏಪ್ರಿಲಿನಲ್ಲಿ 12 ಗಂಟೆ 18 ನಿಮಿಷದ ಹೊತ್ತಿಗೆ, ಆಗಸ್ಟಿನಲ್ಲಿ 12 ಗಂಟೆ 23 ನಿಮಿಷದ ಹೊತ್ತಿಗೆ. ಏಪ್ರಿಲಿನಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಮೋಡ. ಮಕ್ಕಳು ಅಜ್ಜಿ ಮನೆಗೆ ಹೋಗಿರುವ ಏಪ್ರಿಲೇ ಮೇಲು.

ಬೆಂಗಳೂರೂ ಬೀದರೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಬೆಂಗಳೂರಿನ ಕೋಲಿಗೆ ನೆರಳಿಲ್ಲದ ಆ ನಿಮಿಷದಲ್ಲಿ ಬೀದರಿನ ಸೋದರತ್ತೆಯ ಮಗಳಿಗೆ ಫೋನು ಮಾಡಿ, ಅಲ್ಲಿ ಒಂದು ಮೀಟರ್ ಕೋಲಿನ ನೆರಳು ಅಳೆಯಲು ಹೇಳಬಹುದು. ಎಂಟೂವರೆ ಸೆಂಟಿಮೀಟರಿನಷ್ಟು ಬರುತ್ತದೆ. ಆ ಕೋಲನ್ನೂ ನೆರಳನ್ನೂ ಕಾಗದದ ಮೇಲೆ ಪ್ರಮಾಣಕ್ಕೆ ಬರೆದು ಕೋನಮಾಪಕ ಇಟ್ಟರೆ ಸುಮಾರು ಐದು ಡಿಗ್ರಿ. ಪೂರ್ತಿ ಸುತ್ತಿಗೆ ಅಂಥವು 72. ನಕ್ಷೆಯ ಮೇಲೆ ಸ್ಕೇಲು ಇಟ್ಟರೆ ಎರಡೂ ಊರಿನ ನಡುವಿನ ನೇರ ದೂರ ಸುಮಾರು 550 ಕಿಲೋಮೀಟರ್. ಗುಣಿಸಿದರೆ 39,600. ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಭೂಮಿಯ ಸುತ್ತಳತೆ ಅಳೆದದ್ದು ಇದೇ ಉಪಾಯದಿಂದ. ನಿಜವಾದ ಸುತ್ತಳತೆ 40,000 ಕಿಲೋಮೀಟರಿನ ಆಸುಪಾಸು. ನಾನೂರು ಕಿಲೋಮೀಟರ್ ಎಲ್ಲಿ ಕಳೆಯಿತೆಂದು ಮಕ್ಕಳು ಕೇಳಿದರೆ ನೆರಳಿನ ತುದಿಯನ್ನೇ ತೋರಿಸಬಹುದು. ಅದು ಚೂಪಾಗಿರುವುದಿಲ್ಲ, ಮಸುಕಾಗಿರುತ್ತದೆ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಎಲ್ಲಿಯವರೆಗೆ ನೆರಳು ಎಂದು ಗೆರೆ ಎಳೆಯುವುದು ಎಂಬ ಬಗ್ಗೆ ಬೆಂಗಳೂರಿಗೂ ಬೀದರಿಗೂ ಮತ್ತೊಂದು ಫೋನು ಬೇಕಾದೀತು.